ಜೂನ್ ಒಂದರಂದು ಹುಟ್ಟಿದವರು

ಬಾಗಲಕೋಟೆ
ಶ್ರಾವಣದ ಎರಡನೆಯ ಸೋಮವಾರ, ೧೯೮೯

ನನ್ನದೇ ಹೆಸರಿನ ಗುರವ್ವಾ,

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ಶಿರೂರಿನ ಅಂಚೆಯವನು ಮೇಲಿನ ಹೆಸರು ಓದಿ ನಮ್ಮ ಮನೆಯ ಕಟ್ಟೆಯ ಮೇಲಿಟ್ಟು ಹೋದರೆ, ನಮ್ಮಪ್ಪ ಅದನ್ನು ಮತ್ತೆ ನನಗೇ ಕಳಿಸುತ್ತಾನೆ. ಅದಕ್ಕೆ ನಾನು ಬಾಡಿಗೆಗಿರುವ ಮನೆಯ ಕಾಸಿಂಬಿ ಅಮ್ಮನ ಕೈಯಲ್ಲಿ ಕೊಟ್ಟಿದ್ದೇನೆ. ಆಕೆ ಮಗಳನ್ನು ನೋಡಲು ಶಿರೂರಿಗೆ ಹೊರಟಿದ್ದಾಳೆ. "ಉದ್ದನ್ನ ಗುರವ್ವಗ ಕೊಡ್ರಿ, ಗಿಡ್ಡ ಗುರವ್ವ ಅಂದ್ರ ನಾನ" ಎಂದು ಎರಡು ಸಲ ಹೇಳಿದ್ದೇನೆ. ನಾನೇ ಬರಬಹುದಿತ್ತು. ಬಂದಾಗಲೆಲ್ಲ ನೀನು ಒಳಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆಯಲ್ಲ, ಇನ್ನೊಮ್ಮೆ ಆ ಬಾಗಿಲಿನ ಜೊತೆ ಮಾತಾಡುವ ಶಕ್ತಿ ನನಗಿಲ್ಲ. ಹರಿಯುವುದಾದರೆ ಓದಿ ಹರಿ.

ನಿನಗೆ ಗೊತ್ತಿರುವ ಕಡೆಯಿಂದಲೇ ಹಿಡಿಯುತ್ತೇನೆ. ನಮ್ಮಿಬ್ಬರಿಗೂ ಒಂದೇ ಹೆಸರು ಬಂದದ್ದು ಅಪ್ಪಂದಿರ ಅವ್ವ, ನಮ್ಮ ಆಯಿಯಿಂದ. ಆಯಿ ತೀರಿಕೊಂಡ ಮೇಲೆ ಹುಟ್ಟುವ ಹೆಣ್ಣುಕೂಸಿಗೆ ಗುರುಲಿಂಗವ್ವ ಎಂದೇ ಹೆಸರಿಡಬೇಕೆಂದು ನಮ್ಮಪ್ಪನೂ ಹಟ ಹಿಡಿದ, ನಿಮ್ಮಪ್ಪ ಸೋಮಪ್ಪ ಕಾಕಾನೂ ಹಟ ಹಿಡಿದ. ಅಣ್ಣತಮ್ಮಂದಿರಲ್ಲಿ ಒಬ್ಬರೂ ಬಿಟ್ಟುಕೊಡಲಿಲ್ಲ. ಶಾಲೆಗೆ ಹಚ್ಚಲು ನಮ್ಮಿಬ್ಬರನ್ನೂ ಒಂದೇ ದಿನ ಕರೆದುಕೊಂಡು ಹೋದರು. ಬಸಯ್ಯ ಮಾಸ್ತರರು ಹುಟ್ಟಿದ ದಿನ ಕೇಳಿದರೆ ನಮ್ಮವ್ವ, "ಜ್ವಾಳ ತೆನಿ ಹಾಯೂ ಮುಂದ ಹುಟ್ಯಾಳ್ರಿ" ಅಂದಳಂತೆ. ನಿಮ್ಮವ್ವ, "ಸೀಗಿ ಹುಣ್ಣಿವಿ ಮುಂದರಿ" ಅಂದಳಂತೆ. ಯಾವ ವರ್ಷದ ಜೋಳ, ಯಾವ ವರ್ಷದ ಸೀಗಿ ಹುಣ್ಣಿಮೆ ಎಂದು ಕೇಳಿದ್ದಕ್ಕೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮಾಸ್ತರರು ನಕ್ಕು, "ಜ್ವಾಳಕ್ಕ ತಾರೀಖು ಇರೂದಿಲ್ಲ ತಂಗಿ" ಎಂದು ಇಬ್ಬರಿಗೂ ಒಂದು ಜೂನ್ ೧೯೬೪ ಎಂದು ಬರೆದರು. ನಾವಿಬ್ಬರೇ ಅಲ್ಲ, ಆ ಬೆಂಚಿನಲ್ಲಿ ಕುಳಿತವರೆಲ್ಲ ಜೂನ್ ಒಂದರಂದೇ ಹುಟ್ಟಿದವರು. ಶಾಲೆ ತೆರೆಯುವ ದಿನವೇ ಊರಿನ ಮಕ್ಕಳೆಲ್ಲ ಹುಟ್ಟಿಬಿಟ್ಟರೆ ಲೆಕ್ಕ ಸುಲಭ. ಹೀಗಾಗಿ ನಾನು ನಿನಗೆ ಅಕ್ಕನೋ ತಂಗಿಯೋ ಇವತ್ತಿಗೂ ತಿಳಿಯದು.

ಈಗ ನಿನಗೆ ಗೊತ್ತಿಲ್ಲದ್ದು. ನಾನು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಟೈಪು ಮಾಡುವ ಕೆಲಸಕ್ಕಿದ್ದೇನೆ, ಅಲ್ಲಿಯ ಹಿರಿಯರು ಶಾಬುದ್ದೀನ ಸರ್. ಹುನಗುಂದದಲ್ಲಿ ಹೊಸದಾಗಿ ತೆರೆದ ಹೆಣ್ಣುಮಕ್ಕಳ ಹೈಸ್ಕೂಲಿಗೆ ವಿಜ್ಞಾನದ ಶಿಕ್ಷಕಿ ಬೇಕೆಂದು ಕರೆದಾಗ ನಾವಿಬ್ಬರೂ ಅರ್ಜಿ ಹಾಕಿದೆವು. ಅರ್ಜಿಗಳೆಲ್ಲ ಪಟ್ಟಿ ಮಾಡಿಸಲು ನಮ್ಮ ಕೋಣೆಗೇ ಬಂದವು. ನಿನ್ನದನ್ನೂ ನನ್ನದನ್ನೂ ನಾನೇ ಟೈಪು ಮಾಡಿದೆ. ನಿನ್ನದು ಮೊದಲ ದರ್ಜೆ, ಅನುಭವ ಇಲ್ಲ. ನನ್ನದು ಎರಡನೆಯ ದರ್ಜೆ, ರಾಮಥಾಳದ ಶಾಲೆಯಲ್ಲಿ ಪಾಠ ಮಾಡಿದ ಅನುಭವ. ಇಬ್ಬರನ್ನೂ ಬೇರೆ ಬೇರೆಯಾಗಿಯೇ ಕಂಪ್ಯೂಟರಿನೊಳಗೆ ಹಾಕಿದೆ ಗುರವ್ವಾ. ಬನಶಂಕರಿಯಾಣೆ. ಪಟ್ಟಿ ಅಚ್ಚಾದ ಕೂಡಲೇ ಆ ಹೈಸ್ಕೂಲು ನಡೆಸುವ ಸಂಸ್ಥೆಯ ಜವಾನ ಸುತ್ತಿಕೊಂಡು ಒಯ್ದ, ಕಣ್ಣಾಡಿಸುವಷ್ಟು ಪುರುಸೊತ್ತೂ ಸಿಗಲಿಲ್ಲ.

ಹುನಗುಂದದ ಸಂದರ್ಶನದಲ್ಲಿ ನಡೆದದ್ದನ್ನು ನೀನು ಬೇರೆಯವರ ಬಾಯಿಂದ ಕೇಳಿದ್ದೀ. ನನ್ನ ಬಾಯಿಂದ ಕೇಳು. ಸಂಸ್ಥೆಯ ಕಾರ್ಯದರ್ಶಿ ಈರಪ್ಪನವರು ಪಟ್ಟಿ ನೋಡಿ ಬಹಳ ಸಂತೋಷದಲ್ಲಿದ್ದರು. "ಫಸ್ಟ್ ಕ್ಲಾಸೂ ಐತಿ, ಅನುಭವಾನೂ ಐತಿ. ಇಂಥಾಕೀನ ನಮಗ ಬೇಕಾಗಿತ್ತು" ಅಂದರು. ನಾನು ಸರ್ಟಿಫಿಕೇಟು ಮುಂದಿಟ್ಟೆ. ಅದನ್ನು ನೋಡಿ ಅವರ ಮುಖ ಸಣ್ಣದಾಯಿತು. "ಇದರಾಗ ಸೆಕೆಂಡ್ ಕ್ಲಾಸ್ ಐತಲ್ಲವಾ. ಯಾವುದು ಖರೆ?" "ಸೆಕೆಂಡ್ ಖರೆ ರಿ." "ಹಂಗಾರ ಈ ಫಸ್ಟ್ ಕ್ಲಾಸಿನಾಕಿ ಎಲ್ಲಿ?" ಪಟ್ಟಿ ಇಸಿದುಕೊಂಡು ನೋಡಿದರೆ ನಮ್ಮಿಬ್ಬರ ಜಾಗದಲ್ಲಿ ಒಂದೇ ಸಾಲು. ಜಿ. ಎಸ್. ಹಳ್ಳೂರ, ಶಿರೂರು. ಅಂಕಗಳು ನಿನ್ನವು, ಅನುಭವ ನನ್ನದು. ನಮ್ಮಪ್ಪ ಸಂಗಪ್ಪನೂ ನಿಮ್ಮಪ್ಪ ಸೋಮಪ್ಪನೂ ಇಂಗ್ಲಿಷಿನಲ್ಲಿ ಒಂದೇ ಎಸ್. ಕರೆಪತ್ರವೂ ಒಂದೇ ಹೋಗಿತ್ತು, ಅಂಚೆಯವನು ಅದನ್ನು ನಮ್ಮ ಕಟ್ಟೆಯ ಮೇಲಿಟ್ಟಿದ್ದ. ಅವರು ಮೆಚ್ಚಿಕೊಂಡ ಹುಡುಗಿ ಲೋಕದಲ್ಲೇ ಇರಲಿಲ್ಲ. ಹುಚ್ಚಿ ಅನ್ನು ಬೇಕಾದರೆ, ಆ ಇಲ್ಲದವಳ ಮೇಲೆ ನನಗೆ ಅಲ್ಲೇ ಹೊಟ್ಟೆಕಿಚ್ಚಾಯಿತು.

ಟೈಪು ಮಾಡಿದವಳೂ ನಾನೇ, ಸಂದರ್ಶನಕ್ಕೆ ಬಂದವಳೂ ನಾನೇ ಎಂದು ಗೊತ್ತಾದ ಮೇಲೆ ಅವರು ನನ್ನನ್ನು ನೋಡಿದ ರೀತಿ ಬೇರೆಯಾಯಿತು. ಕೆಲಸ ಯಾರಿಗೂ ಕೊಡದೆ ತಡೆಹಿಡಿದರು. ಊರಿಗೆ ಸುದ್ದಿ ನನಗಿಂತ ಮೊದಲು ಮುಟ್ಟಿತ್ತು. ನಿಮ್ಮವ್ವ, ನನ್ನ ಚಿಗವ್ವ, ಅಂಗಳದಲ್ಲಿ ನಿಂತು, "ಕಳ್ಳನ ಕೈಯಾಗ ಕೀಲಿ ಕೊಟ್ಟಂಗಾತು" ಅಂದಳು. ಅದನ್ನು ನುಂಗಿಕೊಂಡೆ. ನೀನು, "ನನ್ನ ಮಾರ್ಕ್ಸ ಹಚ್ಚಿಕೊಂಡು ಹೋಗಿದ್ದಿ, ನಾಚಿಕಿ ಬರಲಿಲ್ಲೇನ?" ಅಂದೆ. ಅದು ಇನ್ನೂ ಗಂಟಲಲ್ಲೇ ಇದೆ.

ಶಾಬುದ್ದೀನ ಸರ್ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಪಟ್ಟಿ ಮಾಡಿದ ಕಂಪ್ಯೂಟರ್ ಪ್ರೋಗ್ರಾಮಿನ ಸಾಲುಗಳನ್ನೆಲ್ಲ ಅಚ್ಚು ಹಾಕಿ, "ಓದು. ಎಲ್ಲಿ ನುಂಗೈತಿ ಹುಡುಕು" ಎಂದು ನನ್ನ ಮೇಜಿನ ಮೇಲಿಟ್ಟರು. ಈ ಪ್ರೋಗ್ರಾಮು ಅಂಗಡಿಯದಲ್ಲ. ನಾರ್ವೆ ಎಂಬ ದೇಶದಲ್ಲಿ ಆರ್ನೆ ಎಂಬ ಒಬ್ಬರು ತಮ್ಮೂರಿನ ಹಾಡುಗಾರರ ಸಂಘದ ಸದಸ್ಯರ ಹೆಸರು ಇಟ್ಟುಕೊಳ್ಳಲು ಬರೆದದ್ದು. ಬೇಕಾದವರು ನಕಲು ಮಾಡಿಕೊಳ್ಳಿ, ಒಳಗೆ ನೋಡಿ, ಮತ್ತೊಬ್ಬರಿಗೆ ಕೊಡಿ, ತಪ್ಪು ಸಿಕ್ಕರೆ ನನಗೆ ಬರೆಯಿರಿ ಎಂದು ಮೊದಲಲ್ಲೇ ವಿಳಾಸ ಹಾಕಿದ್ದಾರೆ. ನಮ್ಮ ಓಣಿಯಲ್ಲಿ ಮೊಸರಿಗೆ ಹೆಪ್ಪು ಇಸಿದುಕೊಂಡ ಹಾಗೆ, ಕೈಯಿಂದ ಕೈಗೆ ದಾಟುತ್ತ ಅದು ಇಲ್ಲಿಯವರೆಗೂ ಬಂದಿತ್ತು. ಓದಿದೆ. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ, ಮತ್ತೆ ಓದಿದೆ. ಕೊನೆಗೆ ಆ ಜಾಗ ಸಿಕ್ಕಿತು. ಹೆಸರು, ಊರು, ಹುಟ್ಟಿದ ದಿನ ಮೂರೂ ಒಂದೇ ಆಗಿದ್ದರೆ ಅದು ಒಬ್ಬರೇ ಎಂದು ತಿಳಿದು ಎರಡನ್ನೂ ಕೂಡಿಸು, ಎರಡರಲ್ಲಿ ದೊಡ್ಡ ಅಂಕಿ ಯಾವುದೋ ಅದನ್ನು ಇಟ್ಟುಕೋ. ಯಾರನ್ನೂ ಕೇಳಬೇಡ. ಇಷ್ಟೇ ಅದರ ಬುದ್ಧಿ.

ಆ ಸಾಲನ್ನು ನಾವೇ ತಿದ್ದಬಹುದಿತ್ತು. ಆದರೆ ಸರ್ ತಲೆ ಅಲ್ಲಾಡಿಸಿದರು. "ನೀನ ತಿದ್ದಿ, ನೀನ ತಪ್ಪಿತ್ತು ಅಂದ್ರ ಯಾರು ನಂಬ್ತಾರವಾ? ಮಾಡಿದಾತನ ಒಪ್ಪಿಕೋಬೇಕು." ಹಾಗೆ ನಾರ್ವೆಗೆ ಪತ್ರ ಬರೆದೆ. ಇಂಗ್ಲಿಷನ್ನು ಸರ್ ತಿದ್ದಿಕೊಟ್ಟರು.

ಉತ್ತರ ಬಂತು. ಬಹಳ ಮರ್ಯಾದೆಯ ಪತ್ರ, ಆದರೆ ಒಪ್ಪಿಗೆಯದಲ್ಲ. ಒಂದೇ ಹಳ್ಳಿಯಲ್ಲಿ, ಒಂದೇ ಹೆಸರಿನ ಇಬ್ಬರು, ಒಂದೇ ದಿನ ಹುಟ್ಟುವುದು ಆಗದ ಮಾತು, ನೀವು ಒಂದೇ ಅರ್ಜಿಯನ್ನು ಎರಡು ಸಲ ಟೈಪು ಮಾಡಿರಬೇಕು ಎಂದಿದ್ದರು. ಓದಿ ನನಗೇ ಅನುಮಾನ ಬಂತು ನೋಡು. ಅಷ್ಟು ದೂರದ, ಅಷ್ಟು ತಿಳಿದವನು ಹೇಳುತ್ತಿದ್ದಾನಲ್ಲ, ಹೌದೇನೋ, ನಾನೇ ನಿನ್ನದನ್ನು ಬಿಟ್ಟೆನೇನೋ ಎಂದು. ಕೈಬರಹದ ಅರ್ಜಿಗಳನ್ನು ತರಿಸಿ ಮತ್ತೆ ಟೈಪು ಮಾಡಿದೆ. ಮತ್ತೆ ನುಂಗಿತು. ನನ್ನ ಎದುರಿಗೇ, ಒಂದು ಸದ್ದಿಲ್ಲದೆ, ನಿನ್ನನ್ನು ನನ್ನೊಳಗೋ ನನ್ನನ್ನು ನಿನ್ನೊಳಗೋ ಹಾಕಿಕೊಂಡು ಸುಮ್ಮನಾಯಿತು.

ಶಿರೂರಿನಿಂದ ಬಂದ ಅರ್ಜಿಗಳಲ್ಲಿದ್ದ ಹುಟ್ಟಿದ ದಿನಗಳನ್ನೆಲ್ಲ ಬರೆದು ಎರಡನೆಯ ಪತ್ರ ಕಳಿಸಿದೆ. ಎಲ್ಲವೂ ಜೂನ್ ಒಂದು. ಅದಕ್ಕೆ ಬಂದ ಉತ್ತರವನ್ನು ಶಾಬುದ್ದೀನ ಸರ್ ಮೊದಲು ಓದಿದರು. ಓದಿ, ಕೆಮ್ಮಿ, ಪತ್ರವನ್ನು ನನ್ನ ಮೇಜಿನ ಮೇಲಿಟ್ಟು ಹೊರಗೆ ಹೋಗಿಬಿಟ್ಟರು. ಆ ಪುಣ್ಯಾತ್ಮ ಕೇಳಿದ್ದ, ಇದು ಬಹಳ ಕುತೂಹಲದ ವಿಷಯ, ನಿಮ್ಮ ಹಳ್ಳಿಯಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳಲ್ಲಿ ಏನಾದರೂ ದೊಡ್ಡ ಹಬ್ಬ ಇರುತ್ತದೆಯೇ ಎಂದು. ಜೂನ್‌ನಿಂದ ಒಂಬತ್ತು ತಿಂಗಳು ಹಿಂದಕ್ಕೆ ಲೆಕ್ಕ ಹಾಕಿ ಅರ್ಥ ಮಾಡಿಕೊಂಡಾಗ ಕಿವಿಯೆಲ್ಲ ಬಿಸಿಯಾಯಿತು. ಆಮೇಲೆ ನಕ್ಕೆ. ನಕ್ಕು ತಿರುಗಿದರೆ ಇದನ್ನು ಹೇಳಲು ನೀನಿಲ್ಲ. ನಿನಗಲ್ಲದೆ ಇದನ್ನು ಯಾರಿಗೆ ಹೇಳಲಿ? ನೀನು ಕೇಳಿದ್ದರೆ ಸೆರಗು ಬಾಯಿಗಿಟ್ಟುಕೊಂಡು ನೆಲಕ್ಕೆ ಕೂರುತ್ತಿದ್ದೆ. ಆ ದಿನ ನಿನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಮತ್ತೆಂದೂ ಬಂದಿಲ್ಲ.

ಮೂರನೆಯ ಪತ್ರದಲ್ಲಿ ಎಲ್ಲ ಬರೆದೆ. ಆಯಿಯ ಹೆಸರು, ಜೋಳದ ತೆನೆ, ಸೀಗಿ ಹುಣ್ಣಿಮೆ, ಬಸಯ್ಯ ಮಾಸ್ತರರ ನಗು. ನಮ್ಮಲ್ಲಿ ಕಾಗದದ ಹುಟ್ಟುದಿನ ಬೇರೆ, ಹುಟ್ಟಿದ ದಿನ ಬೇರೆ ಎಂದೆ. ನಿಮ್ಮ ಪ್ರೋಗ್ರಾಮಿನಿಂದ ನನ್ನ ಅಕ್ಕನೋ ತಂಗಿಯೋ ನನ್ನ ಜೊತೆ ಮಾತು ಬಿಟ್ಟಿದ್ದಾಳೆ ಎಂದೂ ಬರೆದೆ. ಆ ಸಾಲು ಬೇಡ ಎಂದು ಸರ್ ಹೊಡೆದು ಹಾಕಿದ್ದರು, ನಾನು ಮತ್ತೆ ಸೇರಿಸಿದೆ.

ಈ ಸಲ ಲಕೋಟೆ ದಪ್ಪಗಿತ್ತು. ತಿದ್ದಿದ ಪ್ರೋಗ್ರಾಮು ತುಂಬಿ ಕಳಿಸಿದ್ದ ಫ್ಲಾಪಿಯ ಮೇಲೆ ಯಾವುದೋ ಅಂಚೆಕಚೇರಿಯವರು ಮುದ್ರೆ ಕುಟ್ಟಿ ಅದನ್ನು ಕೆಡಿಸಿದ್ದರು. ಪುಣ್ಯಕ್ಕೆ ತಿದ್ದಿದ ಸಾಲುಗಳನ್ನು ಕಾಗದದ ಮೇಲೂ ಅಚ್ಚು ಹಾಕಿ ಕಳಿಸಿದ್ದರು. ಜೊತೆಗೆ ಒಂದು ಪತ್ರ. ತಪ್ಪು ನಿಮ್ಮದಲ್ಲ, ನನ್ನದು, ಎರಡು ಒಂದೇ ಥರ ಕಂಡರೆ ಒಂದೇ ಇರಬೇಕೆಂದು ನಾನು ತಿಳಿದೆ, ಇನ್ನು ಮುಂದೆ ಅದು ತಾನೇ ಕೂಡಿಸುವುದಿಲ್ಲ, ಮೊದಲು ಕೇಳುತ್ತದೆ, ನಿಮ್ಮ ಸಹೋದರಿಗೆ ನನ್ನ ಕ್ಷಮೆ ತಿಳಿಸಿ ಎಂದು. ತಿದ್ದಿದವರ ಹೆಸರಿನ ಜಾಗದಲ್ಲಿ ಜಿ. ಎಸ್. ಹಳ್ಳೂರ, ಇಂಡಿಯಾ ಎಂದು ಹಾಕಿದ್ದಾರೆ. ನೋಡಿ ಹೆಮ್ಮೆಪಡಲೋ ಹಣೆ ಚಚ್ಚಿಕೊಳ್ಳಲೋ ತಿಳಿಯಲಿಲ್ಲ. ಕ್ಷಮೆಯನ್ನಂತೂ ತಿಳಿಸಿದ್ದೇನೆ. ಆ ಪತ್ರವನ್ನೂ ಇದರೊಳಗೆ ಮಡಚಿಟ್ಟಿದ್ದೇನೆ.

ಆ ಸಾಲುಗಳನ್ನು ಟೈಪು ಮಾಡಿ ಪಟ್ಟಿಯನ್ನು ಮತ್ತೆ ಹಾಕಿದೆ. ನಮ್ಮ ಹೆಸರು ಬಂದಲ್ಲಿ ಯಂತ್ರ ನಿಂತಿತು. ಇವರಿಬ್ಬರೂ ಒಬ್ಬರೇ ಏನು, ಹೌದು ಅಥವಾ ಇಲ್ಲ ಎಂದು ಕೇಳಿತು. ಇಷ್ಟು ತಿಂಗಳು ಇದೇ ಪ್ರಶ್ನೆಗಾಗಿ ಬಡಿದಾಡಿದವಳು ನಾನು, ಬೆರಳು ಏಳಲೇ ಇಲ್ಲ. ಒಂದೇ ತಟ್ಟೆಯಲ್ಲಿ ಉಂಡವರು, ಒಂದೇ ಕೌದಿಯಲ್ಲಿ ಮಲಗಿದವರು, "ನಾವಿಬ್ರೂ ಒಂದ" ಎಂದು ಊರ ಮುಂದೆ ಹೇಳಿಕೊಂಡು ತಿರುಗಿದವರು. ಇಲ್ಲ ಎಂದು ಒತ್ತಿದೆ. ಒತ್ತಿ, ಅಲ್ಲೇ ಕುಳಿತು ಅತ್ತೆ. ಶಾಬುದ್ದೀನ ಸರ್, "ಸರಿ ಆತಲ್ಲವಾ, ಈಗ್ಯಾಕ ಅಳ್ತಿ?" ಎಂದು ಕೇಳಿದರು.

ತಪ್ಪು ಯಾರದು ಎಂದು ಇನ್ನೂ ತಲೆ ಕೆಡಿಸಿಕೊಳ್ಳುತ್ತೇನೆ. ಆರ್ನೆ ತಮ್ಮದು ಅನ್ನುತ್ತಾರೆ, ಆದರೆ ಅವರ ಊರಿನಲ್ಲಿ ಅದು ತಪ್ಪೇ ಅಲ್ಲವಲ್ಲ. ಮಾಸ್ತರರದು ಅನ್ನೋಣವೆಂದರೆ, ಅವರು ಹಾಗೆ ಬರೆಯದಿದ್ದರೆ ನಮ್ಮನ್ನು ಶಾಲೆಗೆ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಅಪ್ಪಂದಿರ ಹಟ ಅನ್ನೋಣವೆಂದರೆ, ಅದು ತಾಯಿಯ ಮೇಲಿನ ಪ್ರೀತಿ. ಹೀಗೆ ಒಂದು ಸುತ್ತು ಹಾಕಿ ಬಂದರೆ ಸಿಟ್ಟು ಮಾಡಲು ಯಾರೂ ಸಿಗುವುದಿಲ್ಲ. ನೀನು ಮಾತ್ರ ಆರಾಮವಾಗಿ ನನ್ನ ಮೇಲೆ ಸಿಟ್ಟು ಮಾಡಿಕೊಂಡು ಕುಳಿತಿದ್ದೀ. ಅದೊಂದು ಸುಖವೇ ಇರಬೇಕು.

ಹೊಸ ಪಟ್ಟಿಯನ್ನೂ ನಾರ್ವೆಯ ಪತ್ರವನ್ನೂ ಈರಪ್ಪನವರು ನೋಡಿದರು. ನಿನ್ನ ಹಾಗೆ ಯಂತ್ರ ನುಂಗಿದವರು ಇನ್ನೂ ಕೆಲವರು ಸಿಕ್ಕರಂತೆ. "ಎಲ್ಲಾರನ್ನೂ ಹೊಸದಾಗಿ ಕರೀತೇವಿ. ಇಬ್ಬರೂ ಗುರವ್ವಂದಿರು ಬರ್ರಿ" ಅಂದರು. ಬರುವ ಗುರುವಾರ, ಹುನಗುಂದದಲ್ಲಿ. ಇರುವ ಕೆಲಸ ಒಂದೇ.

ನಿನಗೇ ಸಿಗಲಿ ಎಂದು ಬರೆಯಬೇಕೆಂದುಕೊಂಡೆ, ಬರೆಯಲಾಗುತ್ತಿಲ್ಲ. ನನಗೂ ಬೇಕು ಗುರವ್ವಾ, ಬಹಳ ಬೇಕು. ನಿನ್ನ ಮಾರ್ಕ್ಸು ನಿನ್ನ ಜೊತೆ ಬರಲಿ, ರಾಮಥಾಳದ ನನ್ನ ಪಾಠ ನನ್ನ ಜೊತೆ ಬರಲಿ. ಆ ಕೋಣೆಗೆ ಇಬ್ಬರೂ ಹೋಗೋಣ. ನೀನು ಬರದೆ ನನಗೆ ಕೆಲಸ ಸಿಕ್ಕರೆ ಅದು ನನ್ನದೋ ನಿನ್ನದೋ ಎಂದು ಸಾಯುವವರೆಗೂ ಗೊತ್ತಾಗುವುದಿಲ್ಲ. ಬೇಡ ಅನ್ನುವುದಾದರೂ ಅವರು ನನ್ನ ಮುಖ ನೋಡಿ ನನಗೇ ಬೇಡ ಅನ್ನಲಿ. ನಿನ್ನನ್ನು ಬೇಕು ಅನ್ನುವುದಾದರೆ ನಿನ್ನ ಮುಖ ನೋಡಿಯೇ ಅನ್ನಲಿ. ಆಮೇಲೆ ಮಾತಾಡದಿದ್ದರೂ ನಡೆಯುತ್ತದೆ. ಬಾ.

ಸಂಗಮನಾಥ ನಿನ್ನನ್ನು ಚೆನ್ನಾಗಿಟ್ಟಿರಲಿ. ಅವತ್ತು ಅವರು ಕೇಳಿದ್ದಕ್ಕೆಲ್ಲ ನಿನಗೆ ಉತ್ತರ ಹೊಳೆಯಲಿ, ನನಗೂ ಹೊಳೆಯಲಿ.

ಇಂತಿ ನಿನ್ನವಳು,
ಸಂಗಪ್ಪನ ಮಗಳು ಗುರುಲಿಂಗವ್ವ