ಹೆಸರು ಕೆತ್ತಿದ ಬಟ್ಟಲು

ಹೌನ್ಸ್ಲೋ, ಲಂಡನ್
ಗುರುವಾರ, ೧೬ ಅಕ್ಟೋಬರ್ ೨೦೨೫

ಪ್ರೀತಿಯ ರತ್ನಾ,

ಮೊದಲು ನಿನ್ನ ಹೊಟ್ಟೆಯ ವಿಚಾರ ಹೇಳು. ಹೋಗುವ ದಿನ ಹೀಥ್ರೂದಲ್ಲಿ ನೀನು ಎರಡು ಸಲ ಕುರ್ಚಿ ಹುಡುಕಿಕೊಂಡು ಕುಳಿತೆ, ನಾನು ನೋಡಲಿಲ್ಲ ಎಂದುಕೊಂಡಿದ್ದೀ. ಆ ಸುಸ್ತು ಕಡಿಮೆಯಾಯಿತೇ? ಜಿಪಿ ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ನುಂಗುತ್ತಿದ್ದೀಯೋ, ಇಲ್ಲ ಬಾಯಿ ಕಹಿಯಾಗುತ್ತದೆಂದು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದೀಯೋ? ಭುವನೇಶ್ವರಿ ಮಂಡಿಯ ಆಪರೇಷನ್ ಮಾಡಿಸಿಕೊಂಡು ಈಗ ಕೋಲು ಹಿಡಿದು ನಡೆಯುತ್ತಾಳೆಂದು ನೀನೇ ಹೇಳಿದ್ದೆ. ತಂಗಿಯ ಸೇವೆಗೆಂದು ಹೋದವಳು ನೀನೇ ಹಾಸಿಗೆ ಹಿಡಿದರೆ ಅವಳು ಕೋಲು ಬಿಟ್ಟು ನಿನ್ನನ್ನು ನೋಡಿಕೊಳ್ಳಬೇಕಾದೀತು. ಹೊತ್ತಿಗೆ ಸರಿಯಾಗಿ ಉಣ್ಣು.

ದಿನಾ ಫೋನಿನಲ್ಲಿ ಮಾತಾಡುತ್ತಿರುವಾಗ ಈ ಮನುಷ್ಯನಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಎನ್ನಬೇಡ. ನೀನು ಸ್ಪೀಕರ್ ಹಾಕಿಕೊಂಡೇ ಮಾತಾಡುವವಳು. ನಾನು ಇಲ್ಲಿ ಕೆಮ್ಮಿದರೆ ಅಲ್ಲಿ ನಿನ್ನ ತಂಗಿಯ ಮನೆಯವರೆಲ್ಲ ಕಷಾಯದ ಸಲಹೆ ಕೊಡುತ್ತಾರೆ. ಈ ಸಂಗತಿ ಅಷ್ಟು ಜನರೆದುರು ಹೇಳುವಂಥದ್ದಲ್ಲ. ನಮ್ಮ ಶೂಟಿಂಗ್ ಕ್ಲಬ್ಬಿನ ಶಶಿಧರ, ಅದೇ ಪಿನ್ನರ್‌ನವನು, ದೀಪಾವಳಿಗೆ ನಿಮ್ಮ ವಿಜಯಪುರಕ್ಕೇ ಹೊರಟಿದ್ದಾನೆ. ಇವತ್ತು ಎರಡೂವರೆಗೆ ಅವನ ಟ್ಯಾಕ್ಸಿ ನಮ್ಮ ಬಾಗಿಲಿಗೆ ಬರುತ್ತದೆ. ಅಷ್ಟರೊಳಗೆ ಬರೆದು ಮುಗಿಸಿ ಅವನ ಕೈಗೆ ಕೊಡಬೇಕು.

ಈಗ ಸುದ್ದಿ. ಕುಳಿತುಕೊಂಡು ಓದು. ಮೊಮ್ಮಗಳು ಸಿರಿಶಾ ಚೆನ್ನಾಗಿದ್ದಾಳೆ, ಉಣ್ಣುತ್ತಾಳೆ, ಆಡುತ್ತಾಳೆ. ಆದರೆ ಸೋಮವಾರ ಅವಳ ರಕ್ತ ತೆಗೆದಿದ್ದಾರೆ. ಅದರಲ್ಲಿ ಸೀಸ ಎಷ್ಟು ಸೇರಿದೆ ಎಂದು ನೋಡಬೇಕಂತೆ. ಫಲಿತಾಂಶ ಇವತ್ತು ಮಧ್ಯಾಹ್ನ ನಮ್ಮ ಮಗಳು ಅಂಕಿತಾಳ ಫೋನಿಗೆ ಬರುತ್ತದೆ. ಎರಡು ವರ್ಷದ ಕೂಸಿನ ತೋಳಿಗೆ ಸೂಜಿ ಹಾಕಿಸಿದ್ದಕ್ಕೆ ಕಾರಣ ನಾನು. ನಾಲ್ಕು ದಿನದಿಂದ ನನಗೆ ಊಟ ಸೇರುತ್ತಿಲ್ಲ.

ಬುಡದಿಂದ ಹೇಳುತ್ತೇನೆ, ನಡುವೆ ಬಯ್ಯಬೇಡ. ನವೆಂಬರಿನ ಕ್ಲಬ್ ಸ್ಪರ್ಧೆಗೆ ಯಾವ ಗುಂಡು ಎಂದು ನಾನು ಒಂದು ವರ್ಷದಿಂದ ತಲೆ ಕೆಡಿಸಿಕೊಂಡದ್ದು ನಿನಗೆ ಗೊತ್ತು. ಈ ದೇಶದಲ್ಲಿ ನನ್ನಂಥವನು ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ಪಿಸ್ತೂಲಿನ ಕಾಡತೂಸನ್ನೇ ಹಾರಿಸುವ ರೈಫಲ್ ಹಿಡಿದು ಕಾಗದದ ಗುರಿಗೆ ಹೊಡೆದು, ಖಾಲಿಯಾದ ಹಿತ್ತಾಳೆಯ ಕೇಸುಗಳನ್ನು ಮನೆಗೆ ತಂದು, ಹಿತ್ತಲ ಶೆಡ್ಡಿನಲ್ಲಿ ಕುಳಿತು ಮತ್ತೆ ಮದ್ದು ತುಂಬಿ, ತುದಿಗೆ ಹೊಸ ಗುಂಡು ಕೂರಿಸುವುದು ನನ್ನ ನಿವೃತ್ತಿಯ ಉದ್ಯೋಗ. ಮೊನಚು ಮೂತಿಯ ಗುಂಡು ನನ್ನ ರೈಫಲ್ಲಿಗೆ ಆಗಬಾರದು. ಅದರಲ್ಲಿ ಕಾಡತೂಸುಗಳನ್ನು ಸಾಲಾಗಿ ತುಂಬುವ ಕೊಳವೆಯೊಳಗೆ ಒಂದರ ಮೂತಿ ಮುಂದಿನದರ ಹಿಂಬದಿಗೆ ತಾಗಿ ಕೂತಿರುತ್ತದೆ, ಅಲ್ಲೇ ಸಿಡಿದೀತು. ಉಳಿದದ್ದು ಎರಡು. ಒಂದು ಬರಿಯ ಸೀಸದ್ದು, ಮೂತಿ ಚಪ್ಪಟೆ. ಕಾಗದದಲ್ಲಿ ಅಂಚು ಹರಿಯದ ದುಂಡನೆಯ ತೂತು ಬೀಳುತ್ತದೆ, ಅಂಕ ಹಾಕುವವನ ಜೊತೆ ವಾದವೇ ಇಲ್ಲ. ಇನ್ನೊಂದು ತಾಮ್ರ ಲೇಪಿಸಿದ್ದು, ಕೈಗೆ ಸೀಸ ಹತ್ತುವುದಿಲ್ಲ, ಆದರೆ ನನ್ನ ಕೈಯಲ್ಲಿ ತೂತುಗಳು ಅಷ್ಟು ಒತ್ತಾಗಿ ಬೀಳುತ್ತಿರಲಿಲ್ಲ. ಶಶಿಧರ ಹತ್ತು ಸಲ ಹೇಳಿದ, “ದಾನಪ್ಪಾರ, ತಾಮ್ರದ್ದ ತಗೋರಿ, ಮನ್ಯಾಗ ಸಣ್ಣ ಕೂಸೈತಿ.” ಬೆರಳಗಲದ ಹೆಚ್ಚುಕಡಿಮೆಗೆ ಮನಸ್ಸು ಕೊಟ್ಟು ನಾನು ಸೀಸಕ್ಕೇ ಅಂಟಿಕೊಂಡೆ. ಒಂದೊಂದು ಗುಂಡನ್ನೂ ತೂಗಿ, ತೂಕದ ಪ್ರಕಾರ ಏಳು ಬಟ್ಟಲಿಗೆ ಹಾಕುತ್ತಿದ್ದೆ. ಆ ಏಳು ಬಟ್ಟಲು ನಿನ್ನ ಹಳೆಯ ಮಸಾಲೆ ಡಬ್ಬಿಯವು. ಸೌಥಾಲ್‌ನಿಂದ ಹೊಸ ಡಬ್ಬಿ ತಂದ ದಿನ ನೀನೇ ಅದನ್ನು ಶೆಡ್ಡಿಗೆ ಕೊಟ್ಟೆ. “ಸೀಸಕ್ಕ ಹೋತಂದ್ರ ಹೋತ, ಹೊಳ್ಳಿ ಅಡಗಿಮನಿಗೆ ಬರಬಾರ್ದ ನೋಡ್ರಿ” ಎಂದೂ ಹೇಳಿದ್ದೆ. ನಾನು ಹೂಂ ಎಂದಿದ್ದೆ.

ಕಳೆದ ಶುಕ್ರವಾರ ಅಂಕಿತಾ ಎಂದಿನಂತೆ ಸಿರಿಯನ್ನು ನನ್ನ ಹತ್ತಿರ ಬಿಟ್ಟು ಕ್ಯಾನರಿ ವಾರ್ಫ್‌ನ ಆಫೀಸಿಗೆ ಹೋದಳು. ನಾನು ಅನ್ನಕ್ಕೆ ತುಪ್ಪ ಕಲಸಿ ಉಣ್ಣಿಸಿದೆ. ನೀನು ಹೋದ ಮೇಲೆ ಅವಳಿಗೆ ಒಂದು ಸಣ್ಣ ಸ್ಟೀಲಿನ ಬಟ್ಟಲೇ ಬೇಕು, ಬೇರೆ ಏನು ಇಟ್ಟರೂ ತಳ್ಳುತ್ತಾಳೆ. ಉಂಡಾದ ಮೇಲೆ ಅದನ್ನು ಟೋಪಿ ಮಾಡಿ ತಲೆಯ ಮೇಲೆ ಬೋರಲು ಹಾಕಿಕೊಂಡು ನನ್ನ ಮುಖ ನೋಡಿ ನಗುತ್ತಾಳೆ. ಅವತ್ತೂ ಹಾಗೆ ಹಾಕಿಕೊಂಡಳು. ತಳದಲ್ಲಿ ಚುಕ್ಕೆ ಚುಕ್ಕೆಯ ಅಕ್ಷರ ಕಂಡಿತು: ರತ್ನಾ. ನಿಮ್ಮವ್ವ ಮದುವೆಗೆ ಮುಂಚೆ ಪಾತ್ರೆ ಅಂಗಡಿಯಲ್ಲಿ ಕುಳಿತು ಕೊಳಗದಿಂದ ಹಿಡಿದು ಚಮಚದವರೆಗೆ, ಮಸಾಲೆ ಡಬ್ಬಿಯ ಏಳೂ ಬಟ್ಟಲಿಗೆ ಕೆತ್ತಿಸಿದ ಹೆಸರು. ಮಗಳದ್ದು ಒಂದು ಬಟ್ಟಲೂ ಅಪ್ಪಿತಪ್ಪಿ ಬೇರೆ ಕಡೆ ಸೇರಬಾರದೆಂಬುದು ಅವರ ಹಟ. ಸೌಥಾಲ್ ಡಬ್ಬಿಯ ಬಟ್ಟಲಿಗೆ ಹೆಸರಿಲ್ಲ. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಶೆಡ್ಡಿಗೆ ಓಡಿದೆ. ಬಾಗಿಲಲ್ಲಿ ನಿಂತೇ ಎಣಿಸಿದೆ. ಆರು. ಮತ್ತೆ ಎಣಿಸಿದೆ. ಏಳನೆಯದರ ತೂಕದ ಗುಂಡು ಸಿಗುವುದೇ ಅಪರೂಪ, ಹಾಗಾಗಿ ಅದು ಇಲ್ಲದ್ದು ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ.

ಅದು ಅಡುಗೆಮನೆಗೆ ಹೇಗೆ ಬಂತು, ಯಾವಾಗ ಬಂತು, ತಿಳಿಯದು. ಅಂಕಿತಾಳಿಗೆ ಫೋನ್ ಮಾಡಿ ಹೇಳಿದೆ. ಮುಚ್ಚಿಡಲಿಲ್ಲ, ಅಷ್ಟು ಮಟ್ಟಿಗೆ ನನ್ನನ್ನು ನಂಬು. ಅವಳು ಅರ್ಧ ದಿನ ರಜೆ ಹಾಕಿ ಬಂದಳು. ಬಯ್ದಿದ್ದರೆ ಚೆನ್ನಾಗಿತ್ತು. ಬಹಳ ಮೆತ್ತಗೆ, “ಅಪ್ಪಾ, ಐ ಆಮ್ ನಾಟ್ ಆಂಗ್ರಿ. ಆದ್ರ ರಿಸಲ್ಟ್ ಬರೂತನಾ ಸಿರಿನ್ನ ಇಲ್ಲೆ ಬಿಡಾಂಗಿಲ್ಲ” ಎಂದಳು. ಸೋಮವಾರ ಜಿಪಿಯ ದವಾಖಾನೆಗೆ ನನ್ನನ್ನೂ ಕರೆದುಕೊಂಡು ಹೋದಳು. ರಕ್ತ ತೆಗೆಯುವಾಗ ಕೂಸು ತಾಯಿಯ ಕಡೆ ಕೈ ಚಾಚದೆ ನನ್ನ ಕಡೆ ಚಾಚಿ “ಅಜ್ಜಾ” ಎಂದು ಅತ್ತಿತು. ಸೀಸ ಸಣ್ಣ ಮಕ್ಕಳ ಬುದ್ಧಿಗೇ ಕೈ ಹಾಕುತ್ತದಂತೆ, ಕಲಿಯುವುದು ಹಿಂದೆ ಬೀಳುತ್ತದಂತೆ. ನರ್ಸ್ ಹಾಗೆ ಏನೂ ಹೇಳಲಿಲ್ಲ, ನಾನೇ ಫೋನಿನಲ್ಲಿ ಓದಿದೆ. ದಿನಾ ಬೆಳಿಗ್ಗೆ ಅವಳ ಹಣೆಗೆ ವಿಭೂತಿ ಹಚ್ಚುವ ಮೂರು ಬೆರಳೂ ಗುಂಡು ಎತ್ತುವ ಬೆರಳೇ. ಎಷ್ಟು ತೊಳೆದರೂ ಈಗ ನನಗೆ ತೊಳೆದಂತೆ ಅನಿಸುವುದಿಲ್ಲ. ಪೂಜೆಗೆ ಕುಳಿತಾಗ ಅಂಗೈ ನೋಡಿಕೊಳ್ಳುವುದೇ ಆಗಿದೆ.

ಇದ್ದ ಸೀಸದ ಗುಂಡನ್ನೆಲ್ಲ ಕ್ಲಬ್ಬಿಗೆ ಕೊಟ್ಟು ಬಂದೆ. ಇನ್ನು ತುಂಬಿದರೆ ತಾಮ್ರದ್ದು, ಅದೂ ಕ್ಲಬ್ಬಿನ ಮೇಜಿನ ಮೇಲೆ. ಅಂಕ ಹೋದರೆ ಹೋಗಲಿ. ಸ್ಪರ್ಧೆಯಿಂದ ಹೆಸರೇ ತೆಗೆಸುತ್ತೇನೆ ಎಂದದ್ದಕ್ಕೆ ಶಶಿಧರ ಸ್ವಲ್ಪ ತಡೆಯಿರಿ ಎಂದಿದ್ದಾನೆ. ನೀನು ಏನು ಹೇಳುತ್ತೀಯೋ ಹಾಗೆ ಮಾಡುತ್ತೇನೆ. ಬಟ್ಟಲನ್ನು ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ. ನಿಮ್ಮವ್ವ ಕೆತ್ತಿಸಿದ್ದನ್ನು ಕಸಕ್ಕೆ ಹಾಕಲು ಕೈ ಬರಲಿಲ್ಲ.

ಹಬ್ಬಕ್ಕೆ ನೀನಿಲ್ಲದೆ ಮನೆಯಲ್ಲಿ ಎಣ್ಣೆ ಕಾಯಿಸುವವರಿಲ್ಲ. ಭುವನೇಶ್ವರಿಗೆ ಬೇಗ ಗುಣವಾಗಲಿ, ಮನೆಯ ಹಿರಿಯರಿಗೆ ನನ್ನ ಶರಣು ತಿಳಿಸು, ಮಕ್ಕಳ ತಲೆ ನನ್ನ ಪರವಾಗಿ ನೀನೇ ನೇವರಿಸು. ನಿನ್ನನ್ನು ಆ ಶಿವ ಕಾಯಲಿ.

ನಿನ್ನವನೇ,
ದಾನಪ್ಪ

ತಾ.ಕ.: ಎರಡು ಗಂಟೆ ದಾಟಿದೆ. ಫಲಿತಾಂಶ ಬಂತು. ಸಿರಿಯ ರಕ್ತದಲ್ಲಿ ಹೆದರುವಂಥದ್ದು ಏನೂ ಇಲ್ಲ. ಅಂಕಿತಾ ಫೋನಿನಲ್ಲೇ ಅತ್ತುಬಿಟ್ಟಳು, ನಾನೂ ಅತ್ತೆ. ಆಮೇಲೆ ಅವಳು ಒಂದು ಮಾತು ಹೇಳಿದಳು: “ಅಪ್ಪಾ, ಈಗ ನೆನಪಾತು. ಆ ಬಟ್ಟಲಾ ಅಮ್ಮನ ಹಾಸಗಿ ಬಾಜೂಕ ಇತ್ತು. ಆಕಿ ಊರಿಗೆ ಹೋದ್ಮ್ಯಾಲ ಅಜವಾನ ಚೆಲ್ಲಿ, ನಾನ ಡಿಶ್‌ವಾಷರ್‌ಗೆ ಹಾಕಿದ್ದೆ.” ರತ್ನಾ, ಅದನ್ನು ನಿನಗೆ ತಂದುಕೊಟ್ಟವನು ನಾನು. ಸಂಕ್ರಾಂತಿಯ ಹೊತ್ತಿಗೆ ನೀನು ಊಟದ ಮೇಲಿನ ಅಜವಾನಕ್ಕೆ ಸಣ್ಣ ಬಟ್ಟಲು ಕೇಳಿದೆ. ಶೆಡ್ಡಿನಲ್ಲಿದ್ದವನು ಅಡುಗೆಮನೆಗೆ ಎದ್ದು ಬಂದು ಹುಡುಕುವ ಬೇಸರಕ್ಕೆ ಅದರ ಗುಂಡು ಸುರುವಿ, ಮಫ್ಲರಿನಿಂದ ಒರೆಸಿ ಕೊಟ್ಟೆ. ತೊಳೆದಿದೆಯೇ ಎಂದು ನೀನು ಕೇಳಿದೆ, ತೊಳೆದಿದೆ ಎಂದು ನಾನು ಹೇಳಿದೆ. ಮುಗಿದಾಗಲೆಲ್ಲ ಅದೇ ಕೈಯಿಂದ ತುಂಬಿಸಿಟ್ಟೆ. ನೀನು ಅದರಲ್ಲೇ ನಿಂಬೆರಸ ಹಿಂಡಿ ದಿನಾ ತಿಂದೆ, ಹುಳಿಗೆ ಸೀಸ ಇನ್ನೂ ಬಿಡುತ್ತದೆ. ಬೇಸಿಗೆಯಿಂದ ನಿನಗೆ ಹೊಟ್ಟೆನೋವು, ಸುಸ್ತು. ನನಗೆ ನೆನಪಿರಲಿಲ್ಲ ಎಂದರೆ ಸುಳ್ಳು, ನೆನಪು ಮಾಡಿಕೊಳ್ಳಲಿಲ್ಲ. ಇದನ್ನು ಓದಿದ ಕೂಡಲೇ ಹೋಗಿ ರಕ್ತ ಕೊಡು, ಸೀಸ ನೋಡಿ ಎಂದು ಬಾಯಿಬಿಟ್ಟು ಹೇಳು. ಈಗಷ್ಟೇ ಫೋನ್ ಮಾಡಿದ್ದೆ. ಭುವನೇಶ್ವರಿ ಎತ್ತಿ “ಅಕ್ಕ ಮಲಗ್ಯಾಳ್ರಿ, ಎಬ್ಬಸ್ಲೇನ್ರಿ?” ಎಂದಳು. ಧೈರ್ಯ ಸಾಲದೆ ಬೇಡ ಎಂದೆ. ಇಟ್ಟ ಮೇಲೆ ಹೊಳೆಯಿತು, ಅಲ್ಲಿ ದೀಪ ಹಚ್ಚುವ ಹೊತ್ತು. ಆ ಹೊತ್ತಿನಲ್ಲಿ ನೀನು ಒಂದು ದಿನವೂ ಮಲಗಿದವಳಲ್ಲ. ಟ್ಯಾಕ್ಸಿ ಬಂತು. ಇದನ್ನು ಶಶಿಧರನಿಗೆ ಕೊಟ್ಟು ಬಾಗಿಲಲ್ಲೇ ನಿಂತು ಮತ್ತೆ ಫೋನ್ ಮಾಡುತ್ತೇನೆ. ನಿನ್ನನ್ನು ಎಬ್ಬಿಸಲು ಹೇಳುತ್ತೇನೆ. ಸ್ಪೀಕರ್ ಇದ್ದರೂ ಇರಲಿ, ಎಲ್ಲರೂ ಕೇಳಲಿ.