ಬೆಳ್ಳಿ ನೀರಿನ ಬಾಟಲಿ

ನವೆಂಬರ್ ೧೪, ಮಂಗಳವಾರ

ಮುದ್ದಿನ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಎರಡು ಪತ್ರಗಳೂ ಬಂದಿವೆ. ಉತ್ತರ ತಡವಾಯಿತು, ಮುನಿಸಿಕೊಳ್ಳಬೇಡ. ಗಾಜು ಹೊಕ್ಕು ಎಡಗೈಗೆ ಏಳು ಹೊಲಿಗೆ ಬಿದ್ದಿವೆ. ಬರೆಯುವ ಕೈ ಬಲಗೈ ಆದ್ದರಿಂದ ಆ ನೆಪವನ್ನೂ ಹೇಳುವಂತಿಲ್ಲ.

ಎರಡನೇ ತಾರೀಕು ಬೆಳಿಗ್ಗೆ ನಮ್ಮ ಪ್ರಯೋಗಾಲಯದಲ್ಲಿ ಸ್ಫೋಟವಾಯಿತು. ಹುಡುಗರಿಗೆ ಗುರುತಿಲ್ಲದ ದ್ರಾವಣ ಕೊಟ್ಟು, ಇದರಲ್ಲಿರುವ ಕ್ರಿಯಾತ್ಮಕ ಗುಂಪು ಯಾವುದು ಹೇಳಿ ಎಂದಿದ್ದೆ. ಆ ಗಲಾಟೆ ನಿನಗೆ ಗೊತ್ತಲ್ಲ. ಸೋಡಾ ಹಾಕಿದೊಡನೆ ಬುರುಬುರು ಗುಳ್ಳೆ ಎದ್ದರೆ ಆಮ್ಲ, ಅಮೋನಿಯಾ ಬೆರೆಸಿದ ಬೆಳ್ಳಿ ನೀರು ಹಾಕಿ ಬಿಸಿ ಮಾಡಿದಾಗ ಟೆಸ್ಟ್ ಟ್ಯೂಬಿನ ಒಳಗೆ ಕನ್ನಡಿ ಕೂತರೆ ಆಲ್ಡಿಹೈಡ್. ಆ ಕನ್ನಡಿಗೆಂದೇ ನಮ್ಮ ಅಟೆಂಡರ್, ನಿನ್ನ ಗಾಜು ಮಾಮ, ಹಿಂದಿನ ದಿನ ಮಿಕ್ಕಿದ್ದ ಬೆಳ್ಳಿ ನೀರಿನ ಬಾಟಲಿಯನ್ನು ಕಪಾಟಿನಿಂದ ತೆಗೆದ. ಬಿರಡೆ ಕಚ್ಚಿಕೊಂಡಿತ್ತು. ತಿರುಚಿದ.

ಸದ್ದು ನನಗೆ ಕೇಳಿಸಲೇ ಇಲ್ಲ. ಮುಂದಿನ ಸಾಲಿನ ಹುಡುಗಿ ಬಾಯಿ ತೆರೆದು ಕಿರುಚುತ್ತಿದ್ದಳು, ದನಿಯಿಲ್ಲ. ಮಾಮ ಸಿಂಕಿನ ಕೆಳಗೆ ಬಿದ್ದಿದ್ದ. ಬಲಗೈಯಲ್ಲಿ ಎರಡು ಬೆರಳಿರಲಿಲ್ಲ, ಮುಖದ ತುಂಬ ಗಾಜು. ಉಳಿದ ಕೈಯಲ್ಲಿ ನೆಲ ತಡಕುತ್ತ ಚೂರುಗಳನ್ನು ಒಟ್ಟುಮಾಡುತ್ತಿದ್ದ! ಇಪ್ಪತ್ತೆರಡು ವರ್ಷದಲ್ಲಿ ಒಂದು ಟ್ಯೂಬನ್ನೂ ಒಡೆಯದವನು ಎಂದು ತಾನೆ ನೀನು ಅವನಿಗೆ ಆ ಹೆಸರಿಟ್ಟದ್ದು?

ಒಂದು ಕಣ್ಣು ಹೋಯಿತು. ಇನ್ನೊಂದರ ಸುತ್ತ ಫೀನಾಲ್‌ಗೆ ಫೆರಿಕ್ ಕ್ಲೋರೈಡ್ ಹಾಕಿದ ಹಾಗೆ ನೇರಳೆ. ಅವನ ತಮ್ಮ ಕಾಲೇಜಿಗೆ ನುಗ್ಗಿ ಪ್ರಿನ್ಸಿಪಾಲರ ಕೊರಳಪಟ್ಟಿ ಹಿಡಿದ, ಕುರ್ಚಿ ಎತ್ತಿ ಕಿಟಕಿಗೆ ಬೀಸಿದ. ಮಾಮನ ಹೆಂಡತಿ ಎಲ್ಲರೆದುರು ನನ್ನ ಕೆನ್ನೆಗೆ ಬಾರಿಸಿದಳು. ನನ್ನ ಸಿಟ್ಟು ನಿನಗೆ ಗೊತ್ತು. ಆದರೂ ಸೆರಗು ಸರಿಮಾಡಿಕೊಂಡು ಕ್ಲಾಸಿಗೆ ಹೋದೆ.

ಶನಿವಾರ ಪ್ರಿನ್ಸಿಪಾಲರು ಕರೆಸಿ, "ಬೆಳ್ಳಿ ನೀರು ಇಟ್ಟರೆ ಸಿಡಿಯುತ್ತೆ, ಮಿಕ್ಕಿದ್ದನ್ನ ಅವತ್ತೇ ಕೆಡಿಸಿ ಚೆಲ್ಲಬೇಕು ಅಂತ ಗೋಡೇಲೇ ಬರೆದಿದೆ. ಅವನು ಹಾಗೇ ಇಟ್ಟ. ತಪ್ಪು ಅವನದೇ ಅಂತ ಒಂದು ಸಹಿ ಹಾಕಿಬಿಡಿ, ಮೇಡಂ" ಎಂದರು. ಆ ಸಹಿ ಬಿದ್ದರೆ ಮಾಮನ ಕೆಲಸ ಹೋಗುತ್ತದೆ. ಮೇಜು ಗುದ್ದಿ ಎದ್ದು ಬಂದೆ. ಹೊಲಿಗೆ ಬಿಚ್ಚಿ ಮತ್ತೆ ರಕ್ತ ಬಂತು.

ನೀನೂ ದಿನವಿಡೀ ಲ್ಯಾಬಿನ ಬಾಟಲಿಗಳ ನಡುವೆ ಇರುವವಳು. ಕಣ್ಣಿಗೆ ಕನ್ನಡಕವಿಲ್ಲದೆ ಒಳಗೆ ಕಾಲಿಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕಣ್ಣು, ಕೈ ತಣ್ಣಗಿರಲಿ.

ಇಂತಿ,
ನಿನ್ನ ಅಮ್ಮ

ತಾ. ಕ.: ಸ್ಫೋಟದ ಹಿಂದಿನ ದಿನ, ಬುಧವಾರ ಸಂಜೆ, ಮಾಮ ಆ ನೀರನ್ನು ಚೆಲ್ಲಲು ಹೊರಟಿದ್ದ. ನಾನೇ ಬಾಟಲಿ ಕಿತ್ತುಕೊಂಡೆ. "ನಾಳೆನೂ ಇದೇ ಪ್ರಯೋಗ. ಮತ್ತೆ ಯಾರು ಮಾಡ್ತಾ ಕೂರ್ತಾರೆ? ಒಳಗಿಡು" ಎಂದೆ. "ಮೇಡಂ, ಗೋಡೇಲಿ..." ಎಂದ. "ಗೋಡೇಲಿ ಬರೆಸಿದ್ದು ನಾನು. ನನಗೇ ಪಾಠ ಹೇಳ್ತೀಯಾ?" ಎಂದು ಹುಡುಗರೆದುರೇ ಗದರಿದೆ. ನಿನ್ನೆ ಆಸ್ಪತ್ರೆಯಲ್ಲಿ ಮಾಮ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದ: "ಬಾಟಲಿ ಇಡೋಕೆ ಯಾರು ಹೇಳಿದ್ರು ಅಂತ ಪ್ರಿನ್ಸಿಪಾಲ್ರು ಕೇಳಿದ್ರು. ನೆನಪಿಲ್ಲ ಅಂದೆ, ಮೇಡಂ." ನಾನು "ಒಳ್ಳೇದಾಯ್ತು" ಎಂದೆ. ಅಲ್ಲಿಂದ ನೇರ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ತಪ್ಪು ಮಾಮನದೇ ಎಂಬ ಆ ಕಾಗದಕ್ಕೆ ಸಹಿ ಹಾಕಿದೆ.