ಹೂಂ ಅಂದರೇ ಊರ ಮೈಕು

ಅಕ್ಟೋಬರ್ 28, ಬೆಳಿಗ್ಗೆ

ಮೈಕಿಗೆ ಮೂರು ಸುದ್ದಿ ಬಂದಿದ್ದವು. ಶೀತಜ್ವರದ ಸೂಜಿ — ಹೌದು. ಕಸದ ಲಾರಿ — ಹೌದು. ಬೇ ಒಕ್‌ಸುನ್ ಅವರು ಕಣ್ಣು ತೋರಿಸಲು ಬರಬೇಕು — ತಡೆದೆ. ಬೇ ಒಕ್‌ಸುನ್ ಅಂದರೆ ಯಾರಿಗೆ ಗೊತ್ತು? ಮದುವೆಯಾಗಿ ಬಂದ ದಿನದಿಂದ ಅವಳು ನಾಜುವಿನಾಕೆ. ತವರೂರೇ ನಮಗೆಲ್ಲ ಹೆಸರು. ತಿದ್ದಿ ಕಳಿಸಿದೆ. ಕಂಬದ ಮೇಲಿನ ಮೈಕು ಕೂಗಿತು.

ಹೊಸ ಸಾಫ್ಟ್‌ವೇರು ಒಳ್ಳೆಯದೇ ಅಕ್ಕಾ. ಕಚೇರಿಯ ಸುದ್ದಿ ತಾನೇ ಓದುತ್ತೆ, ತಾನೇ ಮಾತು ಜೋಡಿಸುತ್ತೆ, ಮೈಕಿನ ಬಾಯಿವರೆಗೆ ತಂದು — ನಿಲ್ಲುತ್ತೆ. ಊರ ಮುಖ್ಯಸ್ಥೆ ನಾನು ಹೂಂ ಅನ್ನುವ ತನಕ ಉಸಿರಿಲ್ಲ. ನಮ್ಮ ಯಜಮಾನರು ಒಂದು ದಿನವೂ ಹೀಗೆ ಕಾದವರಲ್ಲ.

ನೀನಿರುವ ಕಡೆ ಅಂಚೆ ಹೋಗಲ್ಲ ಅಂತ ಗೊತ್ತು. ಆದರೂ ನಿನಗೇ ಬರೆಯೋದು. ಅರವತ್ತು ದಾಟಿದ ಮೇಲೆ ಕಲಿತ ಅಕ್ಷರ, ಬಳಸದಿದ್ದರೆ ಜಂಗು ಹಿಡಿಯುತ್ತೆ.

ಅಕ್ಟೋಬರ್ 30

ನಾಜುವಿನಾಕೆಯ ಮಗಳು ಮಿರಾನ್ ಗ್ವಾಂಗ್ಜುವಿನಿಂದ ಬಂದಿದ್ದಳು. ಅಮ್ಮನ ಕೈಗೆ ಗಡಿಯಾರ ಕಟ್ಟಿದಳು. ಊರು ದಾಟಿದರೆ ಸಾಫ್ಟ್‌ವೇರೇ ‘ಕಾಣೆಯಾಗಿದ್ದಾರೆ’ ಅಂತ ಬರೆದು ಸುತ್ತೂರಿನ ಮೈಕುಗಳಿಗೆಲ್ಲ ಸಿದ್ಧ ಮಾಡುತ್ತಂತೆ. ಆಗಲೂ ಒತ್ತುವವಳು ನಾನೇ.

"ನಾಯಿಗೂ ಇದನ್ನೇ ಕಟ್ಟೋದು ಕಣೇ," ಅಂತ ಕೈ ಎತ್ತಿ ತೋರಿಸಿದಳು ನಾಜುವಿನಾಕೆ.

"ನಾಯಿ ಹೇಳಿದ ಮಾತಾದ್ರೂ ಕೇಳುತ್ತೆ," ಅಂದೆ.

ಹೊರಡುವಾಗ ಮಿರಾನ್ ನನ್ನನ್ನು ಗೇಟಿನಾಚೆ ಕರೆದಳು. "ಚಿಕ್ಕಮ್ಮ, ಒಂದೇ ಒಂದು ಸಲ ಅಮ್ಮ ಕಾಣೆ ಅಂತ ಮೈಕಲ್ಲಿ ಬಂದ್ರೆ ನಾನು ಮತ್ತೆ ಯೋಚನೆ ಮಾಡಲ್ಲ. ವೃದ್ಧಾಶ್ರಮದಲ್ಲಿ ಹಾಸಿಗೆ ಹೇಳಿಟ್ಟಿದೀನಿ."

ಕಣ್ಣು ಕೆಂಪಾಗಿತ್ತು ಹುಡುಗಿಗೆ. ಬೈಯಲು ಮನಸ್ಸು ಬರಲಿಲ್ಲ. ಒಲೆಯ ಮೇಲೆ ಪಾತ್ರೆ ಇಟ್ಟು ಅವಳಮ್ಮ ಮರೆತದ್ದೂ ಸುಳ್ಳಲ್ಲ…

ನವೆಂಬರ್ 9, ಸಂಜೆ

ಈಗಷ್ಟೇ ಕೈಯ ಉಪ್ಪು ತೊಳೆದು ಕೂತೆ. ಬರೆಯುತ್ತೇನೆ.

ಮಧ್ಯಾಹ್ನ ಕಿಮ್ಚಿ ಉಪ್ಪಿನಕಾಯಿಯ ಕೋಸಿಗೆ ಉಪ್ಪು ಹಚ್ಚುತ್ತಿದ್ದೆ. ಫೋನ್ ಗುಂಯ್ ಅಂತು. ‘ಕಾಣೆಯಾಗಿದ್ದಾರೆ. ಹೆಂಗಸು, ಎಪ್ಪತ್ತಾರು ವರ್ಷ, ಕುಳ್ಳು, ಗುಂಗುರು ಕೂದಲು, ಹತ್ತಿ ತುಂಬಿದ ಹೂವಿನ ಕೋಟು. ಕಳಿಸಲೇ?’

ಊರಲ್ಲಿ ಹಾಗಿಲ್ಲದವರು ಯಾರು? ನಾನೂ ಹಾಗೇ. ಇದನ್ನು ಕೂಗಿಸಿದರೆ ನಮ್ಮನ್ನೆಲ್ಲ ಹಿಡಿದು ತಂದುಕೊಡುತ್ತಾರೆ.

ನಾನು ಏನೂ ಒತ್ತದಿದ್ದರೆ ಒಂದು ಗಂಟೆ ಕಾಯುತ್ತೆ. ಆಮೇಲೆ ಪೊಲೀಸರಿಗೆ ತಾನೇ ಹೋಗುತ್ತೆ. ನಕ್ಷೆಯಲ್ಲಿ ನಾಜುವಿನಾಕೆಯ ಗಡಿಯಾರದ ಚುಕ್ಕಿ ಪೇಟೆಯ ಅಂಚಿಗೆ, ಕಾಲುವೆ ಪಕ್ಕ. ಅಲ್ಲಾಡುತ್ತಿಲ್ಲ. ಅದೇ ಹೆದರಿಕೆ. ಒತ್ತಿದರೆ ಅವಳು ಆಶ್ರಮಕ್ಕೆ. ಒತ್ತದೆ ಕೂತು, ಅವಳು ನೀರಿಗೆ ಬಿದ್ದಿದ್ದರೆ?

ಉಪ್ಪಿನ ಕೈಯಲ್ಲೇ ಸ್ಕೂಟರ್ ಹತ್ತಿದೆ. ಕಾಲುವೆ ಇಣುಕಿದೆ — ಯಾರೂ ಇಲ್ಲ. ಎದುರಿಗೆ ಹೆಂಗಸರ ಕೂದಲು ಗುಂಗುರು ಮಾಡುವ ಅಂಗಡಿ. ಗಾಜಿನೊಳಗೆ ತಲೆತುಂಬ ಸುರುಳಿ ಸುತ್ತಿಸಿಕೊಂಡು, ಬೇಯಿಸಿದ ಗೆಣಸು ತಿನ್ನುತ್ತ ಕೂತಿದ್ದಾಳೆ ಮಹಾತಾಯಿ.

"ನೀನೂ ಸುತ್ತಿಸ್ಕೋ. ಕಾಗೆ ಗೂಡಾಗಿದೆ ನಿನ್ನ ತಲೆ."

"ಹೇಳಿ ಬರೋಕೆ ಆಗಲ್ವೇನೇ ನಿಂಗೆ?"

"ಊರೆಲ್ಲ ಸೇರಿ ಕಿಮ್ಚಿ ಹಾಕೋ ದಿನ ಫೋಟೋ ತೆಗೀತಾರೆ ಅಂತ ನೀನೇ ತಾನೇ ಮೈಕಲ್ಲಿ ಕೂಗಿಸಿದ್ದು?"

ಪಕ್ಕದ ಕುರ್ಚಿಯಲ್ಲಿ ಕುಸಿದು ‘ಬೇಡ’ ಒತ್ತಿದೆ. ಕಾರಣ ಕೇಳಿತು. ‘ಕೂದಲು ಗುಂಗುರು ಮಾಡಿಸುತ್ತಿದ್ದಾಳೆ’ ಅಂತ ಬರೆದೆ.

ನವೆಂಬರ್ 10

ಆ ಕಾರಣ ಮಿರಾನ್‌ಗೂ ಹೋಗುತ್ತಂತೆ. ಬೆಳಿಗ್ಗೆಯೇ ಫೋನ್. ಮೊದಲು ನಕ್ಕಳು. ಆಮೇಲೆ ಅತ್ತಳು.

"ನೀವು ಒತ್ತಿಬಿಟ್ಟಿದ್ರೆ ಇಷ್ಟೊತ್ತಿಗೆ ಅಮ್ಮನ ಬಟ್ಟೆ ಕಟ್ಟಿಸ್ತಿದ್ದೆ ಚಿಕ್ಕಮ್ಮ."

"ಕಳೆದುಹೋದವಳನ್ನೇ ಮೊದಲು ಒಂದು ಮಾತು ಕೇಳೋ ಹಾಗೆ ಮಾಡಿಸು," ಅಂದೆ.

ಮಾಡಿಸುತ್ತಾಳಂತೆ. ‘ದಾರಿ ತಪ್ಪಿದೆಯೇ?’ ಅಂತ ಗಡಿಯಾರ ಅವಳನ್ನೇ ಕೇಳುತ್ತೆ. ಬೇಕಾದಾಗ ಅವಳೇ ಒತ್ತಲೂಬಹುದು. ಹೌದು ಅಂದರೂ, ಸುಮ್ಮನಿದ್ದರೂ ನನಗೆ ಬರುತ್ತೆ, ಅಲ್ಲಿ ನಿಲ್ಲುತ್ತೆ. ಹಾಸಿಗೆ ಬಿಟ್ಟುಕೊಡುತ್ತಾಳಂತೆ. ಈ ಚಳಿಗಾಲ ನೋಡೋಣ ಅಂದಳು. ಚಳಿಗಾಲ ಅಂದರೆ ಸಣ್ಣದಲ್ಲ.

ನವೆಂಬರ್ 24

ನಾಜುವಿನಾಕೆ ನಾಲ್ಕು ಸಲ ‘ಹೌದು’ ಒತ್ತಿದಳು. ನಾಲ್ಕು ಸಲವೂ ಓಡಿದೆ. ಇವತ್ತು ತನ್ನದೇ ಮೂಲಂಗಿ ತೋಟದಲ್ಲಿ ಕೂತಿದ್ದಳು.

"ಇಲ್ಲಿ ಯಾವ ದಾರಿ ತಪ್ಪಿತೇ ನಿಂಗೆ?"

"ಇಲ್ಲ ಅಂದ್ರೆ ಯಾರೂ ಬರಲ್ಲ. ಹೌದು ಅಂದ್ರೆ ನೀನು ಬರ್ತೀಯ. ನಾನೇನು ದಡ್ಡಿಯಾ?"

ಚೆನ್ನಾಗಿ ಬೈದೆ. ಎರಡು ಮೂಲಂಗಿ ಕಿತ್ತು ಕೊಟ್ಟಳು. ‘ಬೇಡ’ ಒತ್ತಿ, ಕಾರಣ — ‘ಮೂಲಂಗಿ’.

ನವೆಂಬರ್ 27, ಸಂಜೆ

ಚಳಿಗೆ ಕಾಯಿಸಿದ ಕೋಣೆಯ ನೆಲ ಬೆಚ್ಚಗಿದೆ. ಬಾರ್ಲಿ ನೀರು ಕುದಿಯುತ್ತಿದೆ. ನಾಳೆಯ ಮೈಕಿಗೆ ಎರಡು ಸುದ್ದಿ ಕಾದು ಕೂತಿವೆ. ಚಳಿಗೆ ನೀರಿನ ಪೈಪು ಒಡೆಯದಂತೆ ಬಟ್ಟೆ ಸುತ್ತಿ ಅಂತ ಒಂದು. ಇನ್ನೊಂದು ಓದಬೇಕು…

ಫೋನ್. ನಾಜುವಿನಾಕೆ ದಾರಿ ತಪ್ಪಿದ್ದಾಳಂತೆ. ನಕ್ಷೆ ತೆಗೆದೆ. ಚುಕ್ಕಿ ನಮ್ಮ ಅಂಗಳದಲ್ಲೇ ನಿಂತಿದೆ. ಪಾತ್ರೆ ಸದ್ದು ಬೇರೆ, ಏನೋ ಹೊತ್ತು ತಂದಿ—